ಕಂಡ ನಕ್ಷತ್ರವನ್ನೇ ಕಲಿಸೋಣ

ಅಭ್ಯಾಸ ಬೋಧನೆಯ ಪಾಠ ವೀಕ್ಷಣೆಗೆಂದು ಕುದೇರಿನ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿ, ವಿಜ್ಞಾನ, ನಕ್ಷತ್ರಗಳ ಪಾಠ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿಯೇ ಬಂದಿದ್ದರು. ಕಪ್ಪು ಹಾಳೆಯ ಮೇಲೆ ಬೆಳ್ಳಿ ಬಣ್ಣದ ಚುಕ್ಕಿಗಳನ್ನು ಅಂಟಿಸಿ ಸಪ್ತರ್ಷಿ ಮಂಡಲ ಮಾಡಿದ್ದರು. ತುದಿಯ ಎರಡು ಚುಕ್ಕಿಗಳಿಂದ ಗೆರೆ ಎಳೆದು ಧ್ರುವ ನಕ್ಷತ್ರವನ್ನು ತೋರಿಸಿದರು. ಮಕ್ಕಳು ಬರೆದುಕೊಂಡರು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾ, ಅದು ನಮ್ಮೂರ್ಲಿ ಎಲ್ಲದ್ದು? ನಾನ್ ನೋಡೇ ಇಲ್ವಲ್ಲ" ಎಂದ. ಪ್ರಶಿಕ್ಷಣಾರ್ಥಿ ಒಂದು ಗಳಿಗೆ ತಡೆದು, ಸೂರಿನ ಕಡೆ ಕೈಯೆತ್ತಿ, "ಉತ್ತರಕ್ಕೆ, ಮೇಲ್ಗಡೆ" ಎಂದರು. ಹುಡುಗ ಕುಳಿತುಕೊಂಡ. ಪಾಠ ಮುಂದುವರಿಯಿತು.

ವೀಕ್ಷಣಾ ನಮೂನೆಯಲ್ಲಿ ನಾನು ಬರೆದದ್ದು ಇಷ್ಟು: ಕಲಿಕೋಪಕರಣ ಉತ್ತಮ, ಧ್ವನಿ ಸ್ಪಷ್ಟ, ಕಪ್ಪುಹಲಗೆಯ ಬಳಕೆ ಸಮರ್ಪಕ. 25ಕ್ಕೆ 22 ಅಂಕ ಕೊಟ್ಟೆ. ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ವಿಷಯ ಮನಸ್ಸನ್ನು ಚುಚ್ಚತೊಡಗಿತು. ಆ ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ. ವಿಜ್ಞಾನ ಬೋಧನಾ ಪದ್ಧತಿಯನ್ನು ಇಷ್ಟು ವರ್ಷ ಕಲಿಸಿದ ನಾನು ಧ್ರುವ ನಕ್ಷತ್ರವನ್ನು ಒಮ್ಮೆಯೂ ಕಣ್ಣಾರೆ ಗುರುತಿಸಿರಲಿಲ್ಲ. ಹಾಗಾದರೆ ಆ 22 ಅಂಕವನ್ನು ನಾನು ಕೊಟ್ಟದ್ದು ಯಾವುದಕ್ಕೆ?

ಅಂದು ರಾತ್ರಿ ತಾರಸಿ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತೆ. ನೆತ್ತಿಯ ಕಡೆ ಹುಡುಕಿದ್ದೇ ತಪ್ಪಾಯಿತು. ಕುದೇರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಒಂದು ಊರಿನ ಅಕ್ಷಾಂಶ ಎಷ್ಟೋ ಅಲ್ಲಿ ಧ್ರುವ ನಕ್ಷತ್ರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಮಗುವಿನ ಕೈ ಗಿಡ್ಡ, ಮುಷ್ಟಿಯೂ ಚಿಕ್ಕದು, ಆದ್ದರಿಂದ ಮಗುವಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಅಂದರೆ ನಮ್ಮೂರಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ಇರುತ್ತದೆ. ಅದು ತೀರ ಪ್ರಕಾಶಮಾನವಾದ ನಕ್ಷತ್ರವೂ ಅಲ್ಲ. ಪಕ್ಕದ ಮನೆಯ ತೆಂಗಿನ ಗರಿ ಸಾಕು ಅದನ್ನು ಮರೆಮಾಡಲು. ಹುಡುಗ ನೋಡದೆ ಇದ್ದದ್ದು ಅವನ ತಪ್ಪಲ್ಲ. "ಮೇಲ್ಗಡೆ" ಎಂಬ ಉತ್ತರ 51 ಡಿಗ್ರಿಯ ಲಂಡನ್ನಿಗೆ ಸರಿ, ಕುದೇರಿಗೆ ಅಲ್ಲ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ತಾನು ಕಣ್ಣಾರೆ ಕಾಣದ ನಕ್ಷತ್ರವನ್ನು ಯಾವ ಪ್ರಶಿಕ್ಷಣಾರ್ಥಿಯೂ ಕಲಿಸಬಾರದು, ಯಾವ ಮಾರ್ಗದರ್ಶಕರೂ ಅಂಥ ಪಾಠಕ್ಕೆ ಅಂಕ ಕೊಡಬಾರದು. ಇದನ್ನು ಕಾರ್ಯರೂಪಕ್ಕೆ ತರಲು ನಮ್ಮ ಸೀಮೆಗೆ ಬೇಸಿಗೆಯ ಕೊನೆಯ ದಿನಗಳಿಗಿಂತ ಒಳ್ಳೆಯ ಕಾಲವಿಲ್ಲ, ದಕ್ಷಿಣ ದಿಕ್ಕಿಗಿಂತ ಒಳ್ಳೆಯ ದಿಕ್ಕಿಲ್ಲ.

ಉತ್ತರದಲ್ಲಿ ಕಳೆದದ್ದು ದಕ್ಷಿಣದಲ್ಲಿ ಸಿಗುತ್ತದೆ

ಪಠ್ಯಪುಸ್ತಕವನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ತರಗತಿಗಳಲ್ಲಿ ಹಲವು ವರ್ಷ ನಡೆದ ಎಂಟನೆಯ ತರಗತಿಯ ಪಾಠದಲ್ಲಿ ಸಪ್ತರ್ಷಿ ಮಂಡಲ, ಮಹಾವ್ಯಾಧ, ಕ್ಯಾಸಿಯೋಪಿಯ, ಸಿಂಹ ಎಲ್ಲವೂ ಇವೆ. ಅದು ಇಡೀ ದೇಶಕ್ಕೆ ಬರೆದ ಪುಸ್ತಕ, ಕಾಶ್ಮೀರದ ಮಗುವಿಗೂ ಕನ್ಯಾಕುಮಾರಿಯ ಮಗುವಿಗೂ ಕಾಣುವಂಥದ್ದನ್ನು ಅದು ಆರಿಸಿಕೊಳ್ಳಬೇಕು. ಆದರೆ ಪಾಠಯೋಜನೆ ದೇಶಕ್ಕೆ ಬರೆದದ್ದಲ್ಲ. ಅದು ಒಂದು ಊರಿನ ಒಂದು ತರಗತಿಗೆ ಬರೆದದ್ದು. ಪುಸ್ತಕ ಬಿಟ್ಟದ್ದನ್ನು ತುಂಬುವ ಜಾಗ ಅದು.

ಉತ್ತರ ಧ್ರುವ ನಮಗೆ ಎಷ್ಟು ತಗ್ಗಿನಲ್ಲಿದೆಯೋ ದಕ್ಷಿಣದ ಆಕಾಶ ಅಷ್ಟೇ ಹೆಚ್ಚಾಗಿ ತೆರೆದುಕೊಳ್ಳುತ್ತದೆ. ತ್ರಿಶಂಕುವಿನ ಬುಡದ ನಕ್ಷತ್ರ ದೆಹಲಿಯಲ್ಲಿ ದಿಗಂತದ ಮೇಲಕ್ಕೆ ಬರುವುದೇ ಇಲ್ಲ. ಲಡಾಖಿನ ಹಾನ್ಲೆಯಲ್ಲಿ ದೊಡ್ಡ ದೂರದರ್ಶಕವಿದ್ದರೂ ತ್ರಿಶಂಕುವನ್ನು ಅಲ್ಲಿಂದ ನೋಡುವಂತಿಲ್ಲ. ಕುದೇರಿನ ಹುಡುಗ ಮನೆಯ ಮುಂದಿನ ಕಣದಲ್ಲಿ ಚಾಪೆ ಹಾಕಿ ಕುಳಿತು ಅದನ್ನು ಪೂರ್ತಿ ನೋಡಬಲ್ಲ. ಇದು ನಮ್ಮ ಅಕ್ಷಾಂಶ ಕೊಟ್ಟ ಸಂಪತ್ತು. ಇದನ್ನು ಬಿಟ್ಟು, ತೆಂಗಿನ ಮರದ ಹಿಂದೆ ಅಡಗಿರುವ ನಕ್ಷತ್ರವೊಂದನ್ನೇ ಹಾಳೆಯ ಮೇಲೆ ತೋರಿಸುತ್ತಾ ಬಂದಿದ್ದೇವೆ.

ರಜೆ ಶುರುವಾಗುವಾಗ ಅಗಸ್ತ್ಯ, ಮುಗಿಯುವಾಗ ತ್ರಿಶಂಕು

ಏಪ್ರಿಲ್ ಎರಡನೆಯ ವಾರ, ಬೇಸಿಗೆ ರಜೆ ಶುರುವಾಗುವ ಹೊತ್ತು. ರಾತ್ರಿ ಏಳೂವರೆಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಬಲಗಡೆ ನೈಋತ್ಯದಲ್ಲಿ, ಎತ್ತರದಲ್ಲಿ, ಬಿಳಿಯಾಗಿ ಹೊಳೆಯುವುದು ಲುಬ್ಧಕ. ಗ್ರಹಗಳನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ. ಅದರ ಕೆಳಗೆ, ಕೊಂಚ ಎಡಕ್ಕೆ, ದಿಗಂತದಿಂದ ಎರಡು ಮುಷ್ಟಿ ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಪ್ರಕಾಶದಲ್ಲಿ ಎರಡನೆಯ ಸ್ಥಾನ ಅದಕ್ಕೆ. ದಕ್ಷಿಣಕ್ಕೆ ಬಂದು ನೆಲೆಸಿದ ಋಷಿಯ ಹೆಸರನ್ನು ಈ ನಕ್ಷತ್ರಕ್ಕೆ ಇಟ್ಟಿದ್ದಾರೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದರ ಉದಯವನ್ನು ಕುರಿತು ಒಂದು ಅಧ್ಯಾಯವೇ ಇದೆ. ಲಂಡನ್ನಿನಲ್ಲಿ ಇದು ಹುಟ್ಟುವುದೇ ಇಲ್ಲ.

ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷದಂತೆ, ತಿಂಗಳಿಗೆ ಎರಡು ಗಂಟೆಯಂತೆ ಬೇಗ ಹುಟ್ಟಿ ಬೇಗ ಮುಳುಗುತ್ತವೆ. ಮೇ ತಿಂಗಳು ಹುಟ್ಟುವಾಗ ಅಗಸ್ತ್ಯ ರಾತ್ರಿ ಒಂಬತ್ತರ ಸುಮಾರಿಗೆ ಮುಳುಗುತ್ತದೆ, ತಿಂಗಳ ಕೊನೆಗೆ ಸಂಜೆಯ ಬೆಳಕಿನಲ್ಲೇ ಕಳೆದುಹೋಗುತ್ತದೆ. "ಅಗಸ್ತ್ಯ ನಿನಗೆ ಕೊನೆಯ ಬಾರಿ ಕಂಡದ್ದು ಯಾವ ದಿನ?" ಎಂಬ ಒಂದು ಪ್ರಶ್ನೆಯನ್ನು ರಜೆಯ ಕೆಲಸವಾಗಿ ಕೊಟ್ಟರೆ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದಕ್ಕೆ ಮಗು ತನ್ನದೇ ಸಾಕ್ಷ್ಯವನ್ನು ತಂದಿರುತ್ತದೆ.

ಈಗ ಮೇ ಮಧ್ಯಭಾಗ, ರಾತ್ರಿ ಒಂಬತ್ತರಿಂದ ಒಂಬತ್ತೂವರೆ. ದಕ್ಷಿಣಕ್ಕೆ ಮುಖ ಮಾಡಿ ತಲೆಯೆತ್ತಿದರೆ, ನೆತ್ತಿಗೂ ದಿಗಂತಕ್ಕೂ ನಡುವೆ, ನೆತ್ತಿಗೇ ಹೆಚ್ಚು ಹತ್ತಿರದಲ್ಲಿ, ಓರೆಯಾದ ಚೌಕದಂತೆ ನಾಲ್ಕು ನಕ್ಷತ್ರಗಳು ಕಾಣುತ್ತವೆ. ಅದು ಹಸ್ತ. ಅದರ ಎಡಕ್ಕೆ ಇರುವ ಬೆಳ್ಳನೆಯ ನಕ್ಷತ್ರ ಚಿತ್ತಾ. ಹಸ್ತದಿಂದ ನೇರವಾಗಿ ಕೆಳಗೆ ನೋಟ ಇಳಿಸುತ್ತಾ ಬನ್ನಿ. ದಿಗಂತದಿಂದ ಒಂದೂವರೆ ಮುಷ್ಟಿಯಿಂದ ಎರಡು ಮುಷ್ಟಿ ಎತ್ತರದಲ್ಲಿ, ಗಾಳಿಪಟದ ನಾಲ್ಕು ಮೂಲೆಯಂತೆ ನಾಲ್ಕು ನಕ್ಷತ್ರಗಳು ನೆಟ್ಟಗೆ ನಿಂತಿರುತ್ತವೆ. ಅದೇ ತ್ರಿಶಂಕು. ಮೇ ಮೊದಲ ವಾರವಾದರೆ ಇದಕ್ಕೆ ಹತ್ತು ಗಂಟೆಯವರೆಗೆ ಕಾಯಬೇಕು.

ಇಲ್ಲಿ ಒಂದು ಎಚ್ಚರ ಬೇಕು. ತ್ರಿಶಂಕುವಿನ ಬಲಕ್ಕೆ, ನೈಋತ್ಯದಲ್ಲಿ, ಇದೇ ಆಕಾರದ ಇನ್ನೊಂದು ಗುಂಪು ಇದೆ. ಹೊಸಬರು ಅದನ್ನೇ ತ್ರಿಶಂಕು ಎಂದು ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ನಿಜವಾದ ತ್ರಿಶಂಕು ಅದಕ್ಕಿಂತ ಚಿಕ್ಕದು, ಹೆಚ್ಚು ಪ್ರಕಾಶಮಾನವಾದದ್ದು. ಅದರ ಎಡಗಡೆ ಎರಡು ಹೊಳೆಯುವ ನಕ್ಷತ್ರಗಳು ಕಾವಲು ನಿಂತಂತೆ ಇರುತ್ತವೆ, ತ್ರಿಶಂಕುವಿಗೆ ಹತ್ತಿರದ್ದು ಬೀಟಾ ಸೆಂಟಾರಿ, ಆಚೆಯದು ಆಲ್ಫಾ ಸೆಂಟಾರಿ. ಕಾವಲಿನವರು ಕಂಡರೆ ಮಾತ್ರ ತ್ರಿಶಂಕು.

ತ್ರಿಶಂಕು ನೆಟ್ಟಗೆ ನಿಂತ ಹೊತ್ತಿನಲ್ಲಿ ಅದರ ಬುಡದಿಂದ ನೇರ ಕೆಳಗೆ ದಿಗಂತಕ್ಕೆ ಗೆರೆ ಎಳೆದರೆ ಅದೇ ದಕ್ಷಿಣ ದಿಕ್ಕು. ದಿಕ್ಸೂಚಿ ಬೇಡ. ಅದರ ಉದ್ದನೆಯ ಗೆರೆಯನ್ನು ಸುಮಾರು ನಾಲ್ಕೂವರೆ ಪಟ್ಟು ಮುಂದುವರಿಸಿದರೆ ಆಕಾಶದ ದಕ್ಷಿಣ ಧ್ರುವ ಸಿಗುತ್ತದೆ, ಆದರೆ ನಮ್ಮೂರಲ್ಲಿ ಅದು ನೆಲದಿಂದ 12 ಡಿಗ್ರಿ ಕೆಳಗೆ. ಉತ್ತರ ಧ್ರುವ 12 ಡಿಗ್ರಿ ಮೇಲೆ, ದಕ್ಷಿಣ ಧ್ರುವ 12 ಡಿಗ್ರಿ ಕೆಳಗೆ. ಭೂಮಿ ಗುಂಡಗಿದೆ, ನಾವು ಅದರ ಮೇಲೆ ಇಂಥ ಕಡೆ ನಿಂತಿದ್ದೇವೆ ಎಂಬುದನ್ನು ಇದಕ್ಕಿಂತ ಸರಳವಾಗಿ ಯಾವ ಗ್ಲೋಬೂ ಹೇಳಲಾರದು.

ಆಲ್ಫಾ ಸೆಂಟಾರಿ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ವ್ಯೂಹ, ಸುಮಾರು 4.3 ಜ್ಯೋತಿರ್ವರ್ಷ ದೂರ. ಎಂಟನೆಯ ತರಗತಿಯ ಮಗುವಿನ ಕಣ್ಣಿಗೆ ಇಂದು ಬೀಳುವ ಬೆಳಕು, ಆ ಮಗು ನಾಲ್ಕನೆಯ ತರಗತಿಯಲ್ಲಿದ್ದಾಗ ಅಲ್ಲಿಂದ ಹೊರಟದ್ದು. ಜ್ಯೋತಿರ್ವರ್ಷದ ವ್ಯಾಖ್ಯೆಯನ್ನು ಕಂಠಪಾಠ ಮಾಡಿಸುವ ಮೊದಲು ಈ ಒಂದು ಮಾತು ಹೇಳಿ ನೋಡಿ.

ಚಿತ್ತಾ ನಕ್ಷತ್ರದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿದರೆ, ಬೀದಿದೀಪದ ಬೆಳಕಿಲ್ಲದ ಕಡೆ, ಮಸುಕಾದ ಹತ್ತಿಯ ಎಳೆಯಂಥ ಒಂದು ಚುಕ್ಕಿ ಕಾಣುತ್ತದೆ. ಅದು ಒಂದು ನಕ್ಷತ್ರವಲ್ಲ, ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ಗುಚ್ಛ. ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಸಾಧಾರಣ ಬೈನಾಕ್ಯುಲರ್ ಇದ್ದರೆ ಗುಂಡಗಿನ ಬೆಳಕಿನ ಉಂಡೆಯಂತೆ ಕಾಣುತ್ತದೆ. ಅಷ್ಟು ಹೊತ್ತಿಗೆ ಆಗ್ನೇಯದಲ್ಲಿ ವೃಶ್ಚಿಕ ಏಳುತ್ತಿರುತ್ತದೆ, ಅದರ ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ.

ಮಳೆ ನಕ್ಷತ್ರದಿಂದ ಪಾಠ ಶುರುಮಾಡಿ

ಮಕ್ಕಳ ಪೂರ್ವಜ್ಞಾನದಿಂದ ಪಾಠ ಆರಂಭಿಸಬೇಕು ಎಂದು ನಾವು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇವೆ. ನಕ್ಷತ್ರದ ಪಾಠಕ್ಕೆ ನಮ್ಮ ಸೀಮೆಯ ಮಕ್ಕಳಲ್ಲಿ ಇರುವ ಪೂರ್ವಜ್ಞಾನ ಸಣ್ಣದಲ್ಲ. "ಈಗ ಯಾವ ಮಳೆ ನಡೀತಾ ಅದ?" ಎಂದು ಮನೆಯಲ್ಲಿ ಅಜ್ಜನನ್ನೋ ಅವ್ವನನ್ನೋ ಕೇಳಿಕೊಂಡು ಬರಲು ಹೇಳಿ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಭರಣಿ, ಮೇ 11ರ ಸುಮಾರಿನಿಂದ ಕೃತ್ತಿಕೆ, ಮೇ 25ರ ಸುಮಾರಿನಿಂದ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ತರಗತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ.

ಆಮೇಲೆ ಕೇಳಿ: ಕೃತ್ತಿಕೆ ಮಳೆ ನಡೆಯುವಾಗ ಆಕಾಶದಲ್ಲಿ ಕೃತ್ತಿಕೆ ಎಲ್ಲಿರುತ್ತದೆ? ಮಕ್ಕಳು ರಾತ್ರಿಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಆ ಹದಿನಾಲ್ಕು ದಿನ ಸೂರ್ಯ ಇರುವುದೇ ಕೃತ್ತಿಕೆಯ ಕಡೆ, ಸೂರ್ಯನ ಬೆಳಕಿನಲ್ಲಿ ಅದು ಮುಚ್ಚಿಹೋಗಿರುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ಕಾಲದಲ್ಲಿ ಕಾಣದ ನಕ್ಷತ್ರ. ಹಾಗಾದರೆ ಸೂರ್ಯ ಮುಳುಗುವಾಗ ಎದುರು ದಿಕ್ಕಿನಲ್ಲಿ ಯಾವುದು ಹುಟ್ಟುತ್ತದೆ? ವಿಶಾಖಾ, ಅನುರಾಧಾ. ಅದಕ್ಕೇ ಈ ತಿಂಗಳ ಹುಣ್ಣಿಮೆ ಚಂದ್ರ ವಿಶಾಖೆಯ ಹತ್ತಿರ ಇರುತ್ತಾನೆ, ತಿಂಗಳಿಗೆ ವೈಶಾಖವೆಂದು ಹೆಸರು. ಅಜ್ಜನ ಬಾಯಲ್ಲಿದ್ದ ಒಂದು ಪದದಿಂದ ಹೊರಟು ಮಗು ಭೂಮಿಯ ಪರಿಭ್ರಮಣೆಗೆ ಬಂದು ನಿಂತಿತು. ಮಳೆ ಬರುತ್ತದೋ ಇಲ್ಲವೋ ಎಂಬುದನ್ನು ನಕ್ಷತ್ರ ನಿರ್ಧರಿಸುವುದಿಲ್ಲ, ಅದು ರೈತರು ಬಳಸಿದ ಪಂಚಾಂಗ ಮಾತ್ರ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು.

ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟು ಬಂದಾಗ ಬಾಳೆಗೆ ನೀರು ಹಾಯಿಸಲು ಹೋಗುವ ಅಪ್ಪಂದಿರು, ಕಾಡಂಚಿನಲ್ಲಿ ಆನೆ ಹಂದಿಗಳಿಂದ ಬೆಳೆ ಕಾಯಲು ಅಟ್ಟಣೆಯ ಮೇಲೆ ಕೂರುವವರು, ಇವರೆಲ್ಲ ರಾತ್ರಿಯ ಆಕಾಶದ ಕೆಳಗೇ ಬದುಕುವವರು. ಅವರು ನಮ್ಮ ಪಾಠದ ಸಂಪನ್ಮೂಲ ವ್ಯಕ್ತಿಗಳು. ಪಾಠಯೋಜನೆಯ ಆ ಅಂಕಣದಲ್ಲಿ ಇವರನ್ನು ಬರೆದದ್ದನ್ನು ನಾನು ಈವರೆಗೆ ನೋಡಿಲ್ಲ.

ಇದೇ ಅಕ್ಷಾಂಶದಿಂದ ಕಂಡದ್ದು

ಇದೆಲ್ಲ ಹಳ್ಳಿಯ ಮಕ್ಕಳ ಕಾಲಹರಣ ಎಂದು ಯಾರಿಗಾದರೂ ಅನಿಸಿದರೆ ಮೂರು ಸಂಗತಿ ನೆನಪಿಸುತ್ತೇನೆ. ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರಗಳ ಜೋಡಿ ಎಂದು ಮೊದಲು ಗುರುತಿಸಿದ್ದು 1689ರ ಡಿಸೆಂಬರಿನಲ್ಲಿ, ಪುದುಚೇರಿಯಿಂದ. ರಿಶೋ ಎಂಬ ಫ್ರೆಂಚ್ ಪಾದ್ರಿ ಧೂಮಕೇತುವೊಂದನ್ನು ದೂರದರ್ಶಕದಲ್ಲಿ ನೋಡುತ್ತಿದ್ದಾಗ ಇದು ಕಂಡಿತು. ಪುದುಚೇರಿಗೂ ಕುದೇರಿಗೂ ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಆತನಿಗೆ ಆ ನಕ್ಷತ್ರ ಎಷ್ಟು ಎತ್ತರಕ್ಕೆ ಏರುತ್ತಿತ್ತೋ ನಮ್ಮ ಮಕ್ಕಳಿಗೂ ಅಷ್ಟೇ ಎತ್ತರಕ್ಕೆ ಏರುತ್ತದೆ.

ಮದರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದರು. ರೆಟಿಕ್ಯುಲಮ್ ಎಂಬ ದಕ್ಷಿಣದ ಪುಂಜದಲ್ಲಿರುವ ಅದು ಮದರಾಸಿನಲ್ಲಿ ಒಂದೂವರೆ ಮುಷ್ಟಿಗಿಂತ ಮೇಲೆ ಏರುವುದೇ ಇಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುತ್ತಿರುವ ವೀಕ್ಷಣಾಲಯವೂ 12 ಡಿಗ್ರಿ ದಾಟಿದ ಅಕ್ಷಾಂಶದಲ್ಲೇ ಇದೆ. 1986ರಲ್ಲಿ ಆರಂಭವಾದ ಅಲ್ಲಿನ 2.34 ಮೀಟರ್ ದೂರದರ್ಶಕಕ್ಕೆ ವೇಣು ಬಾಪು ಅವರ ಹೆಸರು. ಉತ್ತರದ ಆಕಾಶದ ಜೊತೆಗೆ ದಕ್ಷಿಣದ್ದೂ ಬಹುಪಾಲು ಕಾಣುವುದು ಆ ಜಾಗದ ದೊಡ್ಡ ಅನುಕೂಲ. ವಿಜ್ಞಾನಿಗಳು ಬೆಲೆ ಕಟ್ಟಿದ ಆ ಅನುಕೂಲ ನಮ್ಮ ಶಾಲೆಯ ಅಂಗಳಕ್ಕೆ ಪುಕ್ಕಟೆಯಾಗಿ ಸಿಕ್ಕಿದೆ.

ಅಡ್ಡಿಗಳು ನಿಜ, ದಾರಿಯೂ ಇದೆ

ಈ ಮಾತನ್ನು ಸಿಬ್ಬಂದಿ ಕೊಠಡಿಯಲ್ಲಿ ಎತ್ತಿದಾಗ ಬಂದ ಆಕ್ಷೇಪಗಳು ಸುಳ್ಳಲ್ಲ. ಶಾಲೆ ಹಗಲಿನದು, ನಕ್ಷತ್ರ ರಾತ್ರಿಯದು. ದಕ್ಷಿಣದ ಆಕಾಶ ಚೆನ್ನಾಗಿ ಕಾಣುವ ತಿಂಗಳಲ್ಲೇ ಬೇಸಿಗೆ ರಜೆ. ರಾತ್ರಿ ಮಕ್ಕಳನ್ನು ಸೇರಿಸಿದರೆ ಹೊಣೆ ಯಾರದು? ಗುಂಡ್ಲುಪೇಟೆ ಕಡೆಯ ಕಾಡಂಚಿನ ಊರುಗಳಲ್ಲಿ ಚಿರತೆ, ಆನೆಗಳ ಭಯವಿದೆ. ವಿದ್ಯಾರ್ಥಿನಿ ನಿಲಯದ ಗೇಟು ಕತ್ತಲಾಗುವ ಮೊದಲೇ ಮುಚ್ಚುತ್ತದೆ. ಮೊಬೈಲಿನಲ್ಲಿ ಆಕಾಶ ತೋರಿಸುವ ಆ್ಯಪ್ ಇರುವಾಗ ಇಷ್ಟು ಕಷ್ಟ ಏಕೆ ಎಂದವರೂ ಇದ್ದಾರೆ.

ಮಕ್ಕಳನ್ನು ರಾತ್ರಿ ಶಾಲೆಗೆ ಕರೆಸಿ ಎಂದು ನಾನು ಹೇಳುತ್ತಿಲ್ಲ. ಪಾಠವನ್ನು ಮೂರು ತುಂಡು ಮಾಡೋಣ. ರಜೆಗೆ ಮೊದಲು ಒಂದು ಅವಧಿಯಲ್ಲಿ ಮುಷ್ಟಿಯ ಅಳತೆ, ದಿಕ್ಕು, ಏನನ್ನು ಹುಡುಕಬೇಕು ಎಂಬುದನ್ನು ಹೇಳಿಕೊಡುವುದು. ರಜೆಯಲ್ಲಿ ಮಗು ತನ್ನ ಮನೆಯ ತಾರಸಿಯಿಂದಲೋ ಅಂಗಳದಿಂದಲೋ, ದೊಡ್ಡವರೊಬ್ಬರ ಜೊತೆಯಲ್ಲಿ, ಅಮಾವಾಸ್ಯೆಯ ಆಸುಪಾಸಿನ ನಾಲ್ಕು ರಾತ್ರಿ ನೋಡಿ ಬರೆಯುವುದು. ಮೋಡವಿದ್ದರೆ "ಮೋಡ" ಎಂದು ಬರೆಯುವುದು, ಅದೂ ದಾಖಲೆಯೇ. ಒಂದು ಒಳ್ಳೆಯ ಮಳೆ ಸುರಿದ ಮರುದಿನ ಧೂಳು ತೊಳೆದು ದಿಗಂತ ಸ್ವಚ್ಛವಾಗಿರುತ್ತದೆ, ಆ ರಾತ್ರಿಯನ್ನು ಬಿಡಬಾರದು. ಶಾಲೆ ತೆರೆದ ಮೇಲೆ ಒಂದು ಅವಧಿಯಲ್ಲಿ ಎಲ್ಲರ ಹಾಳೆಗಳನ್ನು ಹೋಲಿಸಿ ಚರ್ಚಿಸುವುದು. ಆ್ಯಪನ್ನು ಬಳಸಲಿ, ಆದರೆ ಕಂಡದ್ದನ್ನು ಬರೆದ ಮೇಲೆ ತಾಳೆ ನೋಡಲು. ವಿದ್ಯಾರ್ಥಿನಿ ನಿಲಯದ ಗೇಟು ತೆರೆಯಬೇಕಾಗಿಲ್ಲ, ವಾರ್ಡನ್ ಅವರ ಜೊತೆ ಒಂದು ಗಂಟೆ ತಾರಸಿಯ ಬಾಗಿಲು ತೆರೆದರೆ ಸಾಕು.

ನಮ್ಮ ಕಾಲೇಜುಗಳಿಗೆ ನನ್ನ ಸಲಹೆ ಎರಡು. ಒಂದು, ನಕ್ಷತ್ರದ ಪಾಠವನ್ನು ಆರಿಸಿಕೊಂಡ ಪ್ರಶಿಕ್ಷಣಾರ್ಥಿ ಪಾಠಯೋಜನೆಯ ಜೊತೆಗೆ ತಾನೇ ನೋಡಿ ಬರೆದ ಒಂದು ಪುಟ ಲಗತ್ತಿಸಬೇಕು: ದಿನಾಂಕ, ಹೊತ್ತು, ನಿಂತ ಜಾಗ, ಕಂಡದ್ದು, ಕಾಣದೆ ಹೋದದ್ದು. ಎರಡು, ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಬೇಕು: "ಕೊಟ್ಟ ಉದಾಹರಣೆ ಈ ಊರಿನ ಮಗು ನೋಡಬಹುದಾದದ್ದೇ?" ಈ ಸಾಲು ನಕ್ಷತ್ರಕ್ಕೆ ಮಾತ್ರವಲ್ಲ, ಗಿಡ, ಹಕ್ಕಿ, ಮಣ್ಣಿನ ಪಾಠಕ್ಕೂ ಸಲ್ಲುತ್ತದೆ. ಆ ಸಾಲಿಗೆ ಅಂಕ ಹಾಕುವ ಮೊದಲು ಮಾರ್ಗದರ್ಶಕರೂ ಅದನ್ನು ನೋಡಿರಬೇಕಾಗುತ್ತದೆ. ಕಷ್ಟವಿರುವುದು ಅಲ್ಲಿಯೇ, ನನ್ನಂಥವರಿಗೆ ಲಾಭವಿರುವುದೂ ಅಲ್ಲಿಯೇ.

ಪ್ರಶಿಕ್ಷಣಾರ್ಥಿಗಳದ್ದು ತ್ರಿಶಂಕು ಸ್ಥಿತಿ, ಅತ್ತ ವಿದ್ಯಾರ್ಥಿಯಲ್ಲ, ಇತ್ತ ಶಿಕ್ಷಕರಲ್ಲ ಎಂದು ನಾವು ತಮಾಷೆ ಮಾಡುವುದುಂಟು. ಕಲಿಯುತ್ತಲೇ ಕಲಿಸುವವರಿಗೆ ಇರುವ ಅನುಕೂಲ ಅದೇ. "ನನಗೆ ಗೊತ್ತಿಲ್ಲ, ಇವತ್ತು ರಾತ್ರಿ ನಾನೂ ನೋಡುತ್ತೇನೆ, ನೀನೂ ನೋಡು" ಎಂದು ಹೇಳಲು ಅವರಿಗೆ ನಮ್ಮಷ್ಟು ಸಂಕೋಚವಾಗಬೇಕಾಗಿಲ್ಲ.

ಆ ಪ್ರಶಿಕ್ಷಣಾರ್ಥಿಯನ್ನು ಮರುದಿನ ಕರೆದು ನನ್ನ ತಪ್ಪನ್ನು ಹೇಳಿಕೊಂಡೆ. ಅವರು ಮುಂದಿನ ಪಾಠದಲ್ಲಿ ತರಗತಿಯ ಮುಂದೆ "ನಾನು ಮೊನ್ನೆ ಹೇಳಿದ್ದು ಸರಿಯಿರಲಿಲ್ಲ" ಎಂದು ಶುರುಮಾಡಿ, ಮುಷ್ಟಿಯ ಅಳತೆ ಹೇಳಿಕೊಟ್ಟರು. ಎರಡು ದಿನ ಬಿಟ್ಟು ಆ ಹುಡುಗ ತಾನಾಗಿ ಬಂದು ಹೇಳಿದನಂತೆ: "ಒಂದ್ ಮುಷ್ಟಿ ಮ್ಯಾಲ ಅದ ಸಾ, ತೆಂಗಿನ ಮರದ ಸಂದೀಲಿ." ಆ ಪಾಠಕ್ಕೆ ನಾನು ಅಂಕ ಹಾಕಲಿಲ್ಲ, ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಈ ಬೇಸಿಗೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತವರು ತಮ್ಮ ಪುಟವನ್ನು ಇದೇ ಪತ್ರಿಕೆಗೆ ಕಳುಹಿಸಲಿ. ಕಾಣದೆ ಹೋದದ್ದನ್ನೂ ಬರೆಯಲಿ.